ನಲ್ಲಿ ಯಾವ ತುದಿಯಲ್ಲಿದೆ, ಬಾಗಿಲು ಯಾವ ಕಡೆಗಿದೆ?



ಸ್ವಲ್ಪ ದಿನದ ಹಿಂದೆ ಮೂರ್ನಾಡು ಹತ್ತಿರದ ಒಂದು ತೋಟದ ಸಂಘದ ಸಭೆಗೆ ಹೋಗಿದ್ದೆ. ಸಭೆ ಇರುವುದು ಸಂಜೆ 6 ಗಂಟೆಗೆ. ಆರೂವರೆ ಆದರೂ 16 ಜನರಲ್ಲಿ 9 ಜನ ಮಾತ್ರ ಬಂದಿದ್ದರು. ತಡವಾಗಿ ಬಂದವರಿಗೆ 5 ರೂಪಾಯಿ ದಂಡ ಅಂತ ಆ ಸಂಘದ ನಿಯಮ. ಉಳಿದವರು ಒದ್ದೆ ಸೆರಗು ಹಿಂಡಿಕೊಂಡು ಬಂದು ಕೂತರು, ಮಾತಾಡದೆ ದಂಡ ಕೊಟ್ಟರು. ನನಗೆ ಯಾಕೋ ಸಮಾಧಾನ ಆಗಲಿಲ್ಲ. ನಡವಳಿ ಪುಸ್ತಕ ತೆಗೆಸಿ ಹಿಂದಿನ ಮೂರು ತಿಂಗಳ ದಂಡದ ಪಟ್ಟಿ ನೋಡಿದೆವು. ದಂಡ ಕಟ್ಟಿದವರೆಲ್ಲ ಲೈನ್ ಮನೆಯ ಒಂದೇ ತುದಿಯವರು! ನಲ್ಲಿ ಇರುವುದು ಇನ್ನೊಂದು ತುದಿಯಲ್ಲಿ. ನೀರು ಬರುವುದು ಐದೂವರೆಗೆ, ಅದೂ ಒಂದು ಗಂಟೆ ಮಾತ್ರ. ನಲ್ಲಿ ಹತ್ತಿರದವರು ಮೊದಲು ಹಿಡಿದು ಮುಗಿಸಿ ಸಭೆಗೆ ಬರುತ್ತಾರೆ, ದೂರದವರು ಕೊನೆಗೆ ಹಿಡಿದು ದಂಡ ಕಟ್ಟುತ್ತಾರೆ. ಪೈಪ್ ಹಾಕಿದವನ ತಪ್ಪಿಗೆ ಹೆಂಗಸರು ದಂಡ ಕಟ್ಟುತ್ತಿದ್ದರು.

ಆದ್ದರಿಂದ ಈ ಸಲದ ಪಾಠ ಉಳಿತಾಯ, ಸಾಲ, ಬಡ್ಡಿ ಬಗ್ಗೆ ಅಲ್ಲ. ನಲ್ಲಿ, ದಾರಿ, ದೀಪ, ಬಾಗಿಲು, ಮೆಟ್ಟಿಲು ಇವುಗಳ ಬಗ್ಗೆ. ಇವಕ್ಕೆ ಬಾಯಿ ಇಲ್ಲ. ಆದರೆ ಯಾರು ಎಷ್ಟು ಹೊತ್ತಿಗೆ ಏಳಬೇಕು, ಯಾರ ಮಗಳು ಶಾಲೆಗೆ ತಡವಾಗಿ ಹೋಗಬೇಕು, ಯಾರು ಸಭೆಗೆ ಬರಬಹುದು ಅಂತ ದಿನಾ ಇವೇ ತೀರ್ಮಾನ ಮಾಡುತ್ತವೆ. ನಾವು ಮಾತ್ರ "ಅವಳಿಗೆ ಶಿಸ್ತಿಲ್ಲ" ಅಂತ ಮನುಷ್ಯರನ್ನು ದೂರುತ್ತೇವೆ.

ಒಂದು ಲೆಕ್ಕ ಮಾಡೋಣ. ನಲ್ಲಿ ಮನೆಯಿಂದ 100 ಮೀಟರ್ ದೂರ ಇದೆ ಅಂತ ಇಟ್ಟುಕೊಳ್ಳಿ. ಹೋಗಿ ಬರಲು 200 ಮೀಟರ್. ದಿನಕ್ಕೆ 10 ಕೊಡ ತಂದರೆ 2 ಕಿಲೋಮೀಟರ್, ತಿಂಗಳಿಗೆ 60, ವರ್ಷಕ್ಕೆ 730 ಕಿಲೋಮೀಟರ್. ಮಡಿಕೇರಿಯಿಂದ ಬೆಂಗಳೂರಿಗೆ ನಡೆದು ಹೋಗಿ ವಾಪಸು ಬಂದರೂ ಇಷ್ಟಾಗುವುದಿಲ್ಲ. ಅದರಲ್ಲಿ ಅರ್ಧ ದಾರಿ ಸೊಂಟದ ಮೇಲೆ ತುಂಬಿದ ಕೊಡ. 10 ಕೊಡ ಸಾಕಾಗುತ್ತದೆ ಅಂತಲೂ ಅಲ್ಲ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ (ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ') ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಬೇಕು ಅಂತ ಲೆಕ್ಕ ಹಾಕಿದೆ. ಮನೆಯಲ್ಲಿ 5 ಜನ ಇದ್ದರೆ 275 ಲೀಟರ್. 15 ಲೀಟರಿನ ಕೊಡವಾದರೆ 18 ಸಲ ಹೊತ್ತರೂ ಪೂರ್ತಿ ಆಗಲಿಲ್ಲ. ನಿಮ್ಮ ಸಂಘದ ಪುಸ್ತಕದಲ್ಲಿ 5 ರೂಪಾಯಿಗೂ ಲೆಕ್ಕ ಇದೆ. ಈ ನಡಿಗೆ ಯಾವ ಪುಸ್ತಕದಲ್ಲಿ ಬರೆದಿದೆ?

ಲೈನ್ ಮನೆ ಅನ್ನುವುದನ್ನೇ ನೋಡಿ. ಯುರೋಪಿನವರು ಕೊಡಗಿನಲ್ಲಿ ಕಾಫಿ ತೋಟ ಮಾಡಲು ಶುರು ಮಾಡಿದ್ದು 1850ರ ದಶಕದಲ್ಲಿ. ಕೆಲಸದವರಿಗೆ ಅಂತ ಸಾಲಾಗಿ ಕೋಣೆ ಕಟ್ಟಿದರು. ಒಂದೇ ಮಾಡು, ಒಂದೇ ಗೋಡೆ ಎರಡು ಮನೆಗೆ. ಹಾಜರಿಗೆ ಕರೆದರೆ ಎಲ್ಲರಿಗೂ ಕೇಳಬೇಕು, ಖರ್ಚು ಕಡಿಮೆ ಆಗಬೇಕು. ಅದು ಕೆಲಸಕ್ಕೆ ಮಾಡಿದ ವಿನ್ಯಾಸ, ಸಂಸಾರಕ್ಕೆ ಮಾಡಿದ್ದಲ್ಲ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಗೆ ಬೈದದ್ದು ಇಡೀ ಲೈನಿಗೆ ಕೇಳುತ್ತದೆ. ಅದರಿಂದ ಒಂದೊಂದು ಸಲ ಹೆಂಗಸಿನ ಜೀವ ಉಳಿದದ್ದೂ ಉಂಟು, ಅದನ್ನೂ ಹೇಳಬೇಕು. ಆದರೆ ಓದುವ ಮಗುವಿಗೆ ಒಂದು ಮೂಲೆ, ಬಾಣಂತಿಗೆ ಒಂದು ಮರೆ ಅಲ್ಲಿಲ್ಲ.

ಒಂದು ತೋಟದಲ್ಲಿ ನಾನು ಕಣ್ಣಾರೆ ನೋಡಿದ್ದು. ಕಾಫಿ ಒಣಗಿಸುವ ಕಣಕ್ಕೆ ನಯವಾದ ಸಿಮೆಂಟು, ನಾಲ್ಕು ಮೂಲೆಗೂ ದೊಡ್ಡ ಲೈಟು. ಕಾಫಿ ಕಳವಾಗಬಾರದಲ್ಲ. ಅಲ್ಲಿಂದ ಕೂಗಳತೆಯಲ್ಲಿ ಲೈನ್ ಮನೆ. ಶೌಚಾಲಯ ಹಿಂದೆ, ಕಾಫಿ ಗಿಡಗಳ ನಡುವೆ, ಒಂದು ಬಲ್ಬೂ ಇಲ್ಲ. ನಮ್ಮ ಜಿಲ್ಲೆಯ ತೋಟಗಳಲ್ಲಿ ಆನೆ ಓಡಾಡುವುದು ಯಾರಿಗೆ ಗೊತ್ತಿಲ್ಲ? ಆ ಲೈನಿನ ಹೆಂಗಸರು ಸಂಜೆ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ರಾತ್ರಿ ಹೊರಗೆ ಹೋಗಬೇಕಾಗಬಾರದು ಅಂತ. ಉರಿಮೂತ್ರ ಅಂತ ಆಸ್ಪತ್ರೆಗೆ ಹೋದರೆ ಡಾಕ್ಟರು ಮಾತ್ರೆ ಕೊಟ್ಟು "ನೀರು ಜಾಸ್ತಿ ಕುಡಿಯಮ್ಮ" ಅನ್ನುತ್ತಾರೆ. ಕಾಯಿಲೆ ಇರುವುದು ಆ ದಾರಿಯಲ್ಲಿ.

ಕುಡಿಯುವ ನೀರು, ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ವಾಸಕ್ಕೆ ಮನೆ ಇವೆಲ್ಲ ಮಾಲೀಕರ ಜವಾಬ್ದಾರಿ ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಆ ಕಾಯ್ದೆಯ ಜಾಗಕ್ಕೆ ಈಗ 2020ರ ಕಾರ್ಮಿಕ ಸಂಹಿತೆ ಬಂದಿದೆ, 2025ರ ನವೆಂಬರಿನಲ್ಲಿ ಜಾರಿಯಾಯಿತು. ಅದರಲ್ಲೂ ತೋಟದ ಕೆಲಸದವರ ಮನೆ ಅಂದರೆ ಕುಡಿಯುವ ನೀರು, ಅಡುಗೆಮನೆ, ಶೌಚಾಲಯ ಸೇರಿದ ಮನೆ ಅಂತಲೇ ಇದೆ. ಶೌಚಾಲಯ ಇರಬೇಕು ಅನ್ನುವುದು ಕಾನೂನು. ಅದು ಎಷ್ಟು ದೂರದಲ್ಲಿ, ಯಾವ ದಾರಿಯಲ್ಲಿ ಇರಬೇಕು ಅನ್ನುವುದನ್ನು ಅಲ್ಲಿ ವಾಸಿಸುವವರೇ ಹೇಳಬೇಕಾಗುತ್ತದೆ.

ಇದನ್ನು ಬೇರೆಯವರ ಮೇಲೆ ಹಾಕಿ ಬರೆಯುವುದು ಸುಲಭ. ನನ್ನ ತಪ್ಪನ್ನೂ ಹೇಳುತ್ತೇನೆ. ಸುಮಾರು ವರ್ಷಗಳ ಹಿಂದೆ, ಬೇರೆ ಜಿಲ್ಲೆಯಲ್ಲಿದ್ದಾಗ, ಒಂದು ಕಾಲೋನಿಯಲ್ಲಿ ನಾವು 20 ಶೌಚಾಲಯ ಕಟ್ಟಿಸಿದೆವು. ಇಂಜಿನಿಯರ್ ನಕ್ಷೆ ತಂದರು, ನಾನು ಸಹಿ ಹಾಕಿದೆ. ಎಂ.ಎಸ್.ಡಬ್ಲ್ಯೂ. ಓದಿದವಳು ನಾನು, ಜನರ ಸಹಭಾಗಿತ್ವದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು! ಆರು ತಿಂಗಳು ಬಿಟ್ಟು ಹೋಗಿ ನೋಡಿದರೆ ಒಳಗೆ ಸೌದೆ, ಕೋಳಿ. ನನಗೆ ಸಿಟ್ಟು ಬಂತು. "ಇಷ್ಟು ದುಡ್ಡು ಹಾಕಿ ಕಟ್ಟಿಸಿದ್ದೇವೆ, ಯಾಕಮ್ಮ ಹೀಗೆ?" ಅಂದೆ. ಒಬ್ಬರು ಅಜ್ಜಿ ನಿಧಾನಕ್ಕೆ ಹೇಳಿದರು: "ಸಿಸ್ಟರ್, ಬಾಗಿಲು ರೋಡ್ ಕಡೆ ಇಟ್ಟಿದ್ದೀರಿ. ಎದುರಿಗೆ ಗಂಡಸರು ಕೂರೋ ಕಟ್ಟೆ. ಚೆಂಬು ಹಿಡ್ಕೊಂಡು ಅವರ ಮುಂದೆ ನಮ್ಮ ಸೊಸೆಯಂದಿರು ಹೇಗೆ ಹೋಗ್ತಾರೆ? ಕಟ್ಟೋ ಮುಂಚೆ ಒಂದು ಮಾತು ಕೇಳಿದ್ರೆ ಹೇಳ್ತಿದ್ವಿ." ಬಾಗಿಲು ಹಿಂದಕ್ಕೆ ತಿರುಗಿಸಲು ನಕ್ಷೆಯಲ್ಲಿ ಒಂದು ಪೈಸೆ ಖರ್ಚಿರಲಿಲ್ಲ. ಕಟ್ಟಿದ ಮೇಲೆ ಗೋಡೆ ಒಡೆಯಬೇಕಾಯಿತು.

ದೊಡ್ಡ ವಿಜ್ಞಾನಿಗಳೂ ಇದನ್ನು ಅನುಭವದಿಂದಲೇ ಕಲಿತರು. ಹೊಗೆ ಹೊರಗೆ ಹೋಗುವ 'ಅಸ್ತ್ರ ಒಲೆ' ಕೆಲವರಿಗೆ ನೆನಪಿರಬಹುದು. ಅದನ್ನು ಮಾಡಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಎಂಬ ವಿಭಾಗ. ಅದೇ ವಿಭಾಗದ ಅಮೂಲ್ಯ ರೆಡ್ಡಿ ಮತ್ತು ಜೊತೆಯವರು ಕುಣಿಗಲ್ ತಾಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಸೆಗಣಿ ಗ್ಯಾಸ್ ಘಟಕ ಕಟ್ಟಿದರು. ಅಡುಗೆಗೆ ಗ್ಯಾಸ್ ಕೊಡುವುದು ಉದ್ದೇಶ. ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ, ಯೋಜನೆ ನಿಂತಿತು. ಆದರೆ ಊರಿನವರಿಗೆ ಮೊದಲು ಬೇಕಾಗಿದ್ದದ್ದು ಒಳ್ಳೆಯ ಕುಡಿಯುವ ನೀರು. 1987ರಿಂದ ಅದೇ ಗ್ಯಾಸಿನಿಂದ ಇಂಜಿನ್ ಓಡಿಸಿ, ಕರೆಂಟು ಮಾಡಿ, ಕೊಳವೆಬಾವಿ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಆಗ ಜನ ಘಟಕವನ್ನು ತಮ್ಮದೇ ಅಂತ ನಡೆಸಿಕೊಂಡು ಬಂದರು.

ನಮ್ಮ ಜಿಲ್ಲೆಯದೇ ದಿಡ್ಡಳ್ಳಿ ವಿಷಯ ನಿಮಗೆ ಗೊತ್ತು. 2016ರ ಡಿಸೆಂಬರಿನಲ್ಲಿ ಅಲ್ಲಿಂದ ಎಬ್ಬಿಸಿದ ಆದಿವಾಸಿ ಕುಟುಂಬಗಳಿಗೆ ಆಮೇಲೆ ಕುಶಾಲನಗರ ಕಡೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕಟ್ಟಿಕೊಟ್ಟರು. ಗಟ್ಟಿ ಮನೆ ಬೇಕೇ ಬೇಕು. ಆದರೆ ಮನೆ ಅಂದರೆ ಗೋಡೆ ಮಾತ್ರ ಅಲ್ಲ. ಗೊತ್ತಿರುವ ತೋಟದ ಕೆಲಸ, ನೆಂಟರು, ಕಾಡು ಎಷ್ಟು ದೂರ ಅನ್ನುವುದೂ ಮನೆಯೊಳಗೇ ಸೇರಿದೆ.

ಬಸ್ಸಿನದ್ದೂ ಹೀಗೆಯೇ. 2023ರ ಜೂನ್ 11ರಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ನಿಮ್ಮ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು ಮಾತ್ರವಾದರೆ ಆ ಸೌಲಭ್ಯ ನಿಮ್ಮ ಮನೆ ಬಾಗಿಲಿಗೆ ಬರಲಿಲ್ಲ.

ಹಾಗಾದರೆ ಎಲ್ಲಿ ಕೇಳಬೇಕು? ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ವಾರ್ಡ್ ಸಭೆಗೆ ಒಂದು ಅಧಿಕಾರ ಇದೆ, ತುಂಬ ಜನರಿಗೆ ಗೊತ್ತಿಲ್ಲ. ಬೀದಿ ದೀಪ, ಸಾರ್ವಜನಿಕ ನಲ್ಲಿ, ಬಾವಿ, ಶೌಚಾಲಯ ಎಲ್ಲಿ ಇರಬೇಕು ಅಂತ ಜಾಗ ಸೂಚಿಸುವ ಅಧಿಕಾರ. ಆರು ತಿಂಗಳಿಗೊಮ್ಮೆಯಾದರೂ ವಾರ್ಡ್ ಸಭೆ ನಡೆಯಬೇಕು. ಅಲ್ಲಿ "ನಮಗೆ ದೀಪ ಬೇಕು" ಅಂದರೆ ಸಾಲದು. "ಈ ತಿರುವಿನಲ್ಲಿ, ಈ ಕಂಬಕ್ಕೆ ಬೇಕು" ಅಂತ ಹೇಳಿ, ನಡವಳಿಯಲ್ಲಿ ಬರೆಸಿ. ತೋಟದೊಳಗಿನ ಲೈನ್ ಆದರೆ ಮಾಲೀಕರನ್ನೋ ರೈಟರನ್ನೋ ಕೇಳಬೇಕು. ಒಬ್ಬರೇ ಹೋಗಬೇಡಿ. ಕೆಲಸ ಹೋದರೆ ಮನೆಯೂ ಹೋಗುತ್ತದೆ ಅನ್ನುವ ಭಯ ಸುಳ್ಳಲ್ಲ. ಸಂಘವಾಗಿ ಹೋಗಿ, ಅರ್ಜಿ ಬರೆದು ಕೊಡಿ, ನಕಲು ಇಟ್ಟುಕೊಳ್ಳಿ.

ನಾನು ಮೊದಲು ಹೇಳಿದ ಸಂಘದವರು ಸಭೆಯನ್ನು 7 ಗಂಟೆಗೆ ಇಡೋಣ ಅಂದರು. ಆಮೇಲೆ ಕತ್ತಲೆ, ಆನೆ ನೆನಪಾಗಿ ಭಾನುವಾರ ಮಧ್ಯಾಹ್ನಕ್ಕೆ ಬದಲಾಯಿಸಿದರು. ದಂಡದ ಹಣ ವಾಪಸು ಕೊಟ್ಟರು. ಲೈನಿನ ನಡುವೆ ಇನ್ನೊಂದು ನಲ್ಲಿ ಬೇಕು ಅಂತ 16 ಜನರೂ ಸಹಿ ಹಾಕಿದ ಅರ್ಜಿ ಕೊಟ್ಟಿದ್ದಾರೆ. "ನೋಡೋಣ" ಅಂದಿದ್ದಾರಂತೆ ರೈಟರು.

ಮುಂದಿನ ಸಭೆಗೆ ಕೆಲಸ: ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ನಿಮ್ಮ ಲೈನಿನ ಅಥವಾ ಪೈಸಾರಿಯ ನಕ್ಷೆ ಬಿಡಿಸಿ. ಮನೆ, ನಲ್ಲಿ, ಶೌಚಾಲಯ, ದೀಪ, ಅಂಗನವಾಡಿ, ಬಸ್ ನಿಲ್ಲುವ ಜಾಗ ಗುರುತು ಹಾಕಿ. ಪ್ರತಿಯೊಬ್ಬರೂ ತಮ್ಮ ಮನೆಯಿಂದ ನಲ್ಲಿಗೆ ಎಷ್ಟು ಹೆಜ್ಜೆ ಅಂತ ಮೊದಲೇ ಎಣಿಸಿಕೊಂಡು ಬನ್ನಿ. ಕತ್ತಲಾದ ಮೇಲೆ ಯಾವ ದಾರಿಯಲ್ಲಿ ಹೋಗಲು ಹೆದರಿಕೆ ಆಗುತ್ತದೋ ಅಲ್ಲಿ ಒಂದು ಇದ್ದಿಲು ತುಂಡು ಇಡಿ. ವಯಸ್ಸಾದವರನ್ನೂ ಹೊಸದಾಗಿ ಮದುವೆಯಾಗಿ ಬಂದವರನ್ನೂ ಮೊದಲು ಮಾತಾಡಲು ಬಿಡಿ. ನಕ್ಷೆಯನ್ನು ಕಾಗದದ ಮೇಲೆ ಇಳಿಸಿ ನಡವಳಿ ಪುಸ್ತಕದಲ್ಲಿ ಅಂಟಿಸಿ, ಕಾರ್ಯಕರ್ತೆ ಬಂದಾಗ ತೋರಿಸಿ.