ಗಣಿ ಮುಚ್ಚಿದ ಮೇಲೆ ಉಳಿದ ನಂಟು: ಕಾಮಸಮುದ್ರ ಮತ್ತು ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಪಲ್ಲಟ, ನಷ್ಟ ಹಾಗೂ ಚೇತರಿಕೆಯ ಸ್ವರೂಪ

ಪ್ರಸ್ತಾವನೆ

‘ತಾಳಿದವನು ಬಾಳಿಯಾನು’ ಎಂಬ ಗಾದೆಯಲ್ಲಿ ತಾಳುವವನು ಒಬ್ಬನೇ. ಕಷ್ಟ ಯಾರಿಂದ ಬಂತು, ಅವನ ಜೊತೆಗೆ ಯಾರಿದ್ದರು ಎಂಬುದನ್ನು ಗಾದೆ ಹೇಳುವುದಿಲ್ಲ. ಬರ, ಪಿಡುಗು, ವಲಸೆ, ಉದ್ಯೋಗನಾಶ ಮೊದಲಾದ ಸಾಮೂಹಿಕ ಪಲ್ಲಟಗಳ ಬಗೆಗಿನ ಬರವಣಿಗೆಯೂ ಬಹುಮಟ್ಟಿಗೆ ಇದೇ ಜಾಡಿನಲ್ಲಿ ಸಾಗಿ, ಚೇತರಿಕೆಯನ್ನು ವ್ಯಕ್ತಿಯ ಮನೋಬಲದ ಗುಣವೆಂದು ಕೊಂಡಾಡುತ್ತದೆ. ಕೋಲಾರ ಚಿನ್ನದ ಗಣಿ ಮತ್ತು ಅದರ ಸೆರಗಿನಲ್ಲಿರುವ ಬಂಗಾರಪೇಟೆ, ಕಾಮಸಮುದ್ರ ಪ್ರದೇಶಗಳ ಅನುಭವ ಈ ಗ್ರಹಿಕೆಯನ್ನು ಮರುಪರಿಶೀಲನೆಗೆ ಒಡ್ಡುತ್ತದೆ. ಇಲ್ಲಿ ಜನರನ್ನು ಉಳಿಸಿದ್ದು ದುಡಿಮೆ, ವಾಸ ಮತ್ತು ಪ್ರಯಾಣಗಳ ಮೂಲಕ ಕಟ್ಟಿಕೊಂಡ ನಂಟು. ಆ ನಂಟು ಕೆಲವೊಮ್ಮೆ ತಾಳುವುದಕ್ಕೂ ಕೆಲವೊಮ್ಮೆ ತಾಳಲಾರೆವೆಂದು ಎದ್ದು ನಿಲ್ಲುವುದಕ್ಕೂ ಬಲ ಕೊಟ್ಟಿತು. ಈ ಎರಡನೆಯ ಮುಖವನ್ನು ಬಿಟ್ಟು ಚೇತರಿಕೆಯನ್ನು ವಿವರಿಸಲಾಗದು ಎಂಬುದು ಪ್ರಸ್ತುತ ಲೇಖನದ ನಿಲುವು.

ಕೆರೆ, ಬರ ಮತ್ತು ರೈಲು

ಕಾಮಸಮುದ್ರ ಬಂಗಾರಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರ. ಆಂಧ್ರ ಮತ್ತು ತಮಿಳುನಾಡುಗಳ ಗಡಿಗೆ ಸಮೀಪದ ಈ ಭಾಗದಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ದಿನಬಳಕೆಯ ಭಾಷೆಗಳು. ಸ್ಥಳನಾಮಗಳಲ್ಲಿ ‘ಸಮುದ್ರ’ ಎಂಬ ಉತ್ತರಪದ ಸಾಮಾನ್ಯವಾಗಿ ದೊಡ್ಡ ಕೆರೆಯನ್ನು ಸೂಚಿಸುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರ ಸೀಮೆಯಲ್ಲಿ ಕೆರೆಯೇ ಬದುಕಿನ ಆಧಾರ. ಹೂಳೆತ್ತುವುದು, ಏರಿ ಕಾಯುವುದು, ನೀರಗಂಟಿಯ ಮೂಲಕ ನೀರು ಹಂಚಿಕೊಳ್ಳುವುದು ಇವೆಲ್ಲ ಒಬ್ಬರಿಂದ ಆಗುವ ಕೆಲಸಗಳಲ್ಲ. ಗಣಿಗಾರಿಕೆ ಬರುವ ಮೊದಲೇ ಇಲ್ಲಿ ಸಹಬಾಳ್ವೆಯ ಒಂದು ವ್ಯಾಕರಣ ಇತ್ತು ಎಂಬುದನ್ನು ಗಮನಿಸಬೇಕು. ಆದರೆ ಅದು ಜಾತಿಶ್ರೇಣಿಯ ವ್ಯಾಕರಣವೂ ಆಗಿತ್ತು.

1876–78ರ ಮಹಾಕ್ಷಾಮ ಈ ವ್ಯವಸ್ಥೆಯ ಬೇರುಗಳನ್ನೇ ಅಲುಗಿಸಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನೆರೆಯ ಮದ್ರಾಸ್ ಪ್ರಾಂತ್ಯವೂ ಅದೇ ಕ್ಷಾಮದಲ್ಲಿ ತತ್ತರಿಸಿತ್ತು. ಬರದ ನೆನಪು ಇನ್ನೂ ಹಸಿಯಾಗಿದ್ದಾಗಲೇ, 1880ರಲ್ಲಿ, ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಗೆ ಕೈಹಾಕಿತು. ಉತ್ತರ ಆರ್ಕಾಟು, ಚಿತ್ತೂರು, ಸೇಲಂ ಕಡೆಗಳಿಂದ ಭೂಹೀನ ಕುಟುಂಬಗಳು ಬಂದವು. ಅವರಲ್ಲಿ ಹೆಚ್ಚಿನವರು ದಲಿತರು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ತೆರೆದ ರೈಲುಮಾರ್ಗ ಕಾಮಸಮುದ್ರ, ಬಂಗಾರಪೇಟೆಗಳ ಮೂಲಕವೇ ಹಾದುಹೋಗುತ್ತದೆ. 1894ರಲ್ಲಿ ಬಂಗಾರಪೇಟೆಯಿಂದ ಗಣಿಗಳಿಗೆ ಕವಲು ಮಾರ್ಗವೂ ಬಂತು. ಕ್ಷಾಮದಿಂದ ಕಂಗೆಟ್ಟ ಸೀಮೆಗಳನ್ನೂ ಗಣಿಯನ್ನೂ ಜೋಡಿಸಿದ ಈ ಹಳಿ, ಮುಂದೆ ಗಣಿ ಮುಚ್ಚಿದಾಗ ಜನರನ್ನು ಹೊರಗೆ ಕೊಂಡೊಯ್ಯುವ ದಾರಿಯೂ ಆಯಿತು.

ನೆಲದಡಿಯ ಒಡನಾಟ

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿಯಿತು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಗಣಿಯ ಯಂತ್ರಗಳನ್ನು ಮುಟ್ಟಿತು. ಆದರೆ ಆಳ ಹೆಚ್ಚಿದಂತೆ ಬಂಡೆಯ ಶಾಖವೂ ಒತ್ತಡವೂ ಹೆಚ್ಚಿದವು. ಒತ್ತಡ ತಾಳಲಾರದೆ ಬಂಡೆ ಏಕಾಏಕಿ ಸಿಡಿಯುವ ಶಿಲಾಸ್ಫೋಟ ಇಲ್ಲಿನ ನಿತ್ಯಭಯವಾಗಿತ್ತು. ಅದರ ಕಂಪನಕ್ಕೆ ನೆಲದ ಮೇಲಿನ ಮನೆಗಳೂ ನಡುಗುತ್ತಿದ್ದವು. ಹೀಗಾಗಿ ಕೆಳಗಿಳಿದವನ ಅಪಾಯ ಮನೆಯಲ್ಲಿದ್ದವರ ಕಾಲಡಿಯಲ್ಲೇ ತಿಳಿಯುತ್ತಿತ್ತು. ಕೆಳಗೆ ದುಡಿಯುವವನ ಜೀವ ಪಕ್ಕದವನ ಎಚ್ಚರದ ಮೇಲೆ ನಿಂತಿತ್ತು. ಮೇಲೆ ಒಂದು ಮನೆಯ ಆತಂಕ ಇಡೀ ಸಾಲಿನ ಆತಂಕವಾಗುತ್ತಿತ್ತು.

ಶಿಲಾಸ್ಫೋಟ ಸದ್ದು ಮಾಡಿ ಕೊಲ್ಲುತ್ತಿತ್ತು. ಬಂಡೆಯ ಧೂಳು ಸದ್ದಿಲ್ಲದೆ ಕೊಲ್ಲುತ್ತಿತ್ತು. 1940ರ ದಶಕದಲ್ಲಿ ಇಲ್ಲಿನ 7,653 ಕಾರ್ಮಿಕರನ್ನು ಪರೀಕ್ಷಿಸಿದ ಕ್ಯಾಪ್ಲಾನ್ ಮತ್ತು ಬರ್ಡನ್ ಅವರ ಸಮೀಕ್ಷೆ, ಶೇ. 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಇರುವುದನ್ನು ದಾಖಲಿಸಿತು. ದುಡಿಯುವಾತ ಉಸಿರು ಕಳೆದುಕೊಂಡು ಮನೆ ಸೇರಿದರೆ ಆ ಸಂಸಾರದ ಭಾರ ಹೆಂಡತಿಯ, ಅಣ್ಣತಮ್ಮಂದಿರ, ನೆರೆಮನೆಯವರ ಹೆಗಲಿಗೆ ಬರುತ್ತಿತ್ತು. ಆರೈಕೆಯ ಈ ದುಡಿಮೆ ಯಾವ ಕೂಲಿಪಟ್ಟಿಯಲ್ಲೂ ಸೇರಲಿಲ್ಲ.

ಕಂಪನಿ ಕಟ್ಟಿಸಿದ ಲೈನುಮನೆಗಳು ಇಕ್ಕಟ್ಟಾಗಿದ್ದವು. ಗೋಡೆಗೆ ಗೋಡೆ ತಾಗಿದ್ದವು. ಅನುಕೂಲಕ್ಕೂ ಅಗ್ಗಕ್ಕೂ ಮಾಡಿದ ಈ ಏರ್ಪಾಡು ಅರಿವಿಲ್ಲದೆಯೇ ಒಂದು ಸಮುದಾಯವನ್ನು ಬೆಸೆಯಿತು. ‘ಊರಿಗೆ ಬಂದವಳು ನೀರಿಗೆ ಬಾರದಿರುವಳೇ’ ಎಂಬ ಗಾದೆಯನ್ನು ಈ ನೆಲೆಯಲ್ಲಿ ಹೊಸದಾಗಿ ಓದಬಹುದು. ಬೇತಮಂಗಲದ ಕೆರೆಯಿಂದ ಗಣಿಪಟ್ಟಣಕ್ಕೆ ನೀರು ಬರುತ್ತಿತ್ತು. ಸಾರ್ವಜನಿಕ ನಲ್ಲಿಯ ಮುಂದೆ ಬೇರೆ ಬೇರೆ ಸೀಮೆಯ, ಬೇರೆ ಬೇರೆ ಮಾತಿನ ಹೆಂಗಸರು ಸಾಲು ನಿಲ್ಲಬೇಕಿತ್ತು. ವಲಸೆ ಬಂದವರಿಗೆ ನಂಟು ಮೊದಲು ಅನಿವಾರ್ಯವಾಗಿತ್ತು, ಅನಂತರವೇ ಅದು ಭಾವವಾಯಿತು.

ತಾಳದಿರುವ ಬಲ

ಈ ನಂಟು ಕಣ್ಣೀರು ಒರೆಸುವುದಕ್ಕಷ್ಟೇ ಸೀಮಿತವಾಗಲಿಲ್ಲ. ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸುವ ಕ್ರಮ ಜಾರಿಗೆ ಬಂದಾಗ, 1930ರ ಏಪ್ರಿಲ್‌ನಲ್ಲಿ, ಗಣಿಗಳು ಸುಮಾರು ಮೂರು ವಾರ ಸ್ತಬ್ಧವಾದವು. ಅಪರಾಧಿಗಳಿಂದ ಪಡೆಯುವ ಗುರುತನ್ನು ದುಡಿಯುವವರಿಂದ ಪಡೆಯುವುದು ಮಾನದ ಪ್ರಶ್ನೆಯಾಗಿತ್ತು. ಬಲಿಷ್ಠ ಕಾರ್ಮಿಕ ಸಂಘ ಇನ್ನೂ ರೂಪುಗೊಂಡಿರದ ಕಾಲದಲ್ಲಿ ಅಷ್ಟು ದಿನ ಮುಷ್ಕರ ನಡೆಯಲು ಲೈನುಮನೆಗಳ ಒಗ್ಗಟ್ಟನ್ನು ಬಿಟ್ಟು ಬೇರೆ ಆಸರೆ ಕಡಿಮೆ. ಜಾನಕಿ ನಾಯರ್ ಅವರ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ (1998) ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆಯನ್ನು ದುಡಿಮೆ, ಸಂಸ್ಕೃತಿ, ರಾಜಕಾರಣಗಳ ಹೆಣಿಗೆಯಾಗಿ ನೋಡಿರುವುದು ಇಲ್ಲಿ ಉಪಯುಕ್ತ. 1946ರ ನವೆಂಬರ್ 4ರಂದು ನಡೆದ ಪೊಲೀಸ್ ಗೋಲಿಬಾರಿನಲ್ಲಿ ಆರು ಮಂದಿ ಕಾರ್ಮಿಕರು ಸತ್ತರು. ಅವರನ್ನು ಹುತಾತ್ಮರೆಂದು ಸ್ಮರಿಸುವ ಮೂಲಕ ಸಮುದಾಯ ತನ್ನ ಶೋಕವನ್ನು ಸಾರ್ವಜನಿಕ ನೆನಪಾಗಿ ಪರಿವರ್ತಿಸಿಕೊಂಡಿತು.

ಆದರೆ ಈ ನಂಟಿನ ಬೇಲಿಯ ಹೊರಗೆ ಉಳಿದವರೂ ಇದ್ದರು. ಗಣಿಪಟ್ಟಣದ ಒಣ ಪಾಯಿಖಾನೆಗಳನ್ನು ಶುಚಿಗೊಳಿಸುತ್ತಿದ್ದ ಕುಟುಂಬಗಳ ನೋವು ಕಾರ್ಮಿಕ ಐಕ್ಯದ ಕಥನಗಳಲ್ಲಿ ವಿರಳ. ಅಂಥದೇ ಕುಟುಂಬದಲ್ಲಿ 1966ರಲ್ಲಿ ಕೆ.ಜಿ.ಎಫ್.ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಈ ಪದ್ಧತಿಯ ವಿರುದ್ಧ ಹೋರಾಟವನ್ನು ತಮ್ಮ ಊರಿನಿಂದಲೇ ಆರಂಭಿಸಿದರು. 1990ರ ದಶಕದ ಮಧ್ಯಭಾಗದಲ್ಲಿ ರೂಪುಗೊಂಡ ಸಫಾಯಿ ಕರ್ಮಚಾರಿ ಆಂದೋಲನದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2014ರ ಮಾರ್ಚ್ 27ರಂದು ಮಹತ್ವದ ತೀರ್ಪು ನೀಡಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ತಲೆಮಾರುಗಳಿಂದ ತಾಳಿಕೊಂಡು ಬಂದವರಿಗೆ ‘ಇನ್ನು ತಾಳಬೇಡಿ’ ಎಂದು ಹೇಳುವುದೇ ಇಲ್ಲಿ ಚೇತರಿಕೆಯ ಮೊದಲ ಹೆಜ್ಜೆಯಾಯಿತು. ಗಾದೆಯ ತರ್ಕ ಇಲ್ಲಿ ತಲೆಕೆಳಗಾಗುತ್ತದೆ.

ಮುಚ್ಚಿದ ಗಣಿ, ಓಡುವ ರೈಲು

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ವಶಕ್ಕೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಅದಿರಿನ ಗುಣ ಕುಸಿದು, ಆಳದ ಗಣಿಗಾರಿಕೆಯ ವೆಚ್ಚ ಏರಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ನೆಲದಲ್ಲಿ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು. ಕೆಲಸದ ಜೊತೆಗೆ ದಿನದ ಲಯ, ಮನೆಯ ಭದ್ರತೆ, ಆಸ್ಪತ್ರೆಯ ಆಸರೆ, ‘ಗಣಿಯವರು’ ಎಂಬ ಗುರುತು ಎಲ್ಲವೂ ಒಟ್ಟಿಗೆ ಸಡಿಲವಾದವು. ಬಾಕಿ ಹಣದ ಮತ್ತು ಕಂಪನಿ ಮನೆಗಳ ಒಡೆತನದ ಪ್ರಶ್ನೆಗಳು ಮುಂದೆಯೂ ದೀರ್ಘಕಾಲ ಹೋರಾಟದ ವಿಷಯಗಳಾಗಿಯೇ ಉಳಿದವು.

ಇಂಥ ಸ್ಥಿತಿಯಲ್ಲಿ ಊರು ಪೂರ್ತಿ ಬರಿದಾಗಲಿಲ್ಲ ಎಂಬುದು ವಿಚಾರಾರ್ಹ. ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ ನಿಲ್ದಾಣಗಳಿಂದ ಸಾವಿರಾರು ಜನ ನಸುಕಿಗೇ ರೈಲು ಹತ್ತಿ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಮರಳುವ ಕ್ರಮ ಬೆಳೆಯಿತು. ಬಂಗಾರಪೇಟೆಯಿಂದ ಬೆಂಗಳೂರು ಸುಮಾರು 70 ಕಿಲೋಮೀಟರ್. ನಗರದಲ್ಲೇ ಬಾಡಿಗೆ ಹಿಡಿಯಬಹುದಾಗಿದ್ದವರಲ್ಲೂ ಅನೇಕರು ನಿತ್ಯ ಮರಳಿದ್ದಕ್ಕೆ ಬಾಡಿಗೆಯ ಲೆಕ್ಕವೊಂದೇ ಕಾರಣವಲ್ಲ. ಮಗುವನ್ನು ನೋಡಿಕೊಳ್ಳುವ ಅಜ್ಜಿ, ಕಷ್ಟಕ್ಕಾಗುವ ಚೀಟಿ, ಕೆಲಸದ ಸುಳಿವು ಕೊಡುವ ನೆರೆಯವ ಇವರೆಲ್ಲ ಇದ್ದದ್ದು ಊರಿನಲ್ಲಿ. ಒಂದೇ ಕೇಜಿನಲ್ಲಿ ಕೆಳಗಿಳಿದವರ ಮಕ್ಕಳು ಒಂದೇ ಬೋಗಿಯಲ್ಲಿ ಕೂತರು. ಕಾಮಸಮುದ್ರದ ಹಳ್ಳಿಗಳಿಂದ ಹೊರಟವರೂ ಬಂಗಾರಪೇಟೆಯಲ್ಲಿ ಈ ಪ್ರವಾಹ ಸೇರಿದರು. ಹಿಂದೆ ಬಹುಮಟ್ಟಿಗೆ ಬೇರೆಬೇರೆಯಾಗಿದ್ದ ಗಣಿಯ ಲೋಕವೂ ಬೇಸಾಯದ ಲೋಕವೂ ಬೋಗಿಯೊಳಗೆ ಹತ್ತಿರವಾದವು.

ಈ ಆಸರೆಯ ದೌರ್ಬಲ್ಯವೂ ಬೇಗನೆ ಬಯಲಾಯಿತು. 2020ರ ಮಾರ್ಚ್ 22ರಿಂದ ದೇಶದಾದ್ಯಂತ ಪ್ರಯಾಣಿಕರ ರೈಲುಗಳು ನಿಂತಾಗ, ದಿನದ ಸಂಪಾದನೆಯ ದಾರಿಯೇ ಮುಚ್ಚಿತು. ಎರಡು ದಶಕಗಳ ಅವಧಿಯಲ್ಲಿ ಇದು ಎರಡನೆಯ ಮುಚ್ಚುಗಡೆ. ಹಳ್ಳಿಯ ಕಡೆಯ ಚಿತ್ರವೂ ನಿಶ್ಚಿಂತೆಯದಲ್ಲ. ಗಡಿಕಾಡುಗಳಿಂದ ಇಳಿಯುವ ಆನೆಹಿಂಡುಗಳು ಕಾಮಸಮುದ್ರ ಹೋಬಳಿಯಲ್ಲಿ ಬೆಳೆಯನ್ನೂ ಜೀವಗಳನ್ನೂ ಬಲಿ ತೆಗೆದುಕೊಂಡಿವೆ. ಹೊಲ ಒಬ್ಬನದಾದರೂ ರಾತ್ರಿಯ ಕಾವಲು ಒಬ್ಬನಿಂದ ಆಗುವುದಲ್ಲ. ಆದರೆ ಎಷ್ಟೇ ಜನ ಸೇರಿ ಎಚ್ಚರವಿದ್ದರೂ, ಪರಿಹಾರ ಮತ್ತು ರಕ್ಷಣೆಯಲ್ಲಿ ಸರ್ಕಾರದ ಹೊಣೆಯನ್ನು ಆ ಎಚ್ಚರ ತುಂಬಿಕೊಡಲಾರದು. ನಂಟಿನ ಶಕ್ತಿಯನ್ನು ಹೊಗಳುವಾಗ ಅದರ ಮಿತಿಯನ್ನೂ ಹೇಳಬೇಕಾದುದು ಈ ಕಾರಣಕ್ಕೆ.

ಕನ್ನಡ ಅಧ್ಯಯನದ ಮುಂದಿರುವ ಪ್ರಶ್ನೆ

‘ಕೆ.ಜಿ.ಎಫ್.’ (2018, 2022) ಕನ್ನಡ ಚಲನಚಿತ್ರಗಳು ಈ ನೆಲದ ಹೆಸರನ್ನು ದೇಶದುದ್ದಕ್ಕೂ ಹರಡಿದವು. ಅವುಗಳಲ್ಲಿ ಬಿಡುಗಡೆ ಬರುವುದು ಒಬ್ಬ ನಾಯಕನ ತೋಳ್ಬಲದಿಂದ. ದುಡಿಯುವ ಜನ ಅವನಿಗಾಗಿ ಕಾಯುವ ಸಮೂಹ ಮಾತ್ರ. ಮೇಲೆ ಚರ್ಚಿಸಿದ ಚರಿತ್ರೆ ಇದಕ್ಕೆ ತದ್ವಿರುದ್ಧವಾದುದು. ಅಲ್ಲಿ ಸಮೂಹವೇ ಕರ್ತೃ. ಗಾದೆಯ ಏಕವಚನ ಚಲನಚಿತ್ರದಲ್ಲಿ ಬೇರೊಂದು ವೇಷದಲ್ಲಿ ಮರಳಿದೆ ಎನ್ನಬಹುದು.

ಗಣಿಯ ನೆನಪುಗಳ ದೊಡ್ಡ ಪಾಲು ತಮಿಳಿನಲ್ಲೂ ತೆಲುಗಿನಲ್ಲೂ ಇದೆ. ಕನ್ನಡ ನಾಡಿನ ಚರಿತ್ರೆಯ ಭಾಗವೇ ಆಗಿರುವ ಈ ಅನುಭವವನ್ನು ಭಾಷೆ ಬೇರೆ ಎಂಬ ಕಾರಣಕ್ಕೆ ಕನ್ನಡ ಅಧ್ಯಯನ ತನ್ನ ಪರಿಧಿಯ ಆಚೆಗೆ ಇಡುವುದು ಸಮಂಜಸವಲ್ಲ. ಮೌಖಿಕ ಕಥನ, ಶೋಕದ ಹಾಡು, ಮೂರು ಭಾಷೆಗಳ ನಡುವೆ ಓಡಾಡುವ ಗಣಿಯ ಪದಕೋಶ ಇವುಗಳನ್ನು ಸಂಗ್ರಹಿಸಬೇಕಾದವರು ಮೂರೂ ಭಾಷೆಗಳಿಗೆ ಕಿವಿಗೊಡಬಲ್ಲವರಾಗಿರಬೇಕು. ಗಣಿಯೊಳಗೆ ದುಡಿದ ಕೊನೆಯ ತಲೆಮಾರು ಈಗ ವೃದ್ಧಾಪ್ಯದಲ್ಲಿದೆ. ಈ ಕೆಲಸಕ್ಕೆ ಉಳಿದಿರುವ ಕಾಲ ಕಡಿಮೆ.

ಒಟ್ಟಾರೆ, ಕಾಮಸಮುದ್ರದ ಕೆರೆಯಿಂದ ಚಾಂಪಿಯನ್ ರೀಫಿನ ಆಳದವರೆಗೆ, ಅಲ್ಲಿಂದ ಬೆಂಗಳೂರಿನ ರೈಲಿನವರೆಗೆ ಈ ಪ್ರದೇಶ ಕಂಡ ಪಲ್ಲಟಗಳಲ್ಲಿ ಜನ ಪರಸ್ಪರ ಆಸರೆಯಾಗಿ ಉಳಿದರು. ಇದನ್ನು ಅವರ ಸಹನೆಯೆಂದು ಕರೆದು ಮುಗಿಸಿದರೆ ಬಾಕಿ ಇರುವ ನ್ಯಾಯದ ಲೆಕ್ಕ ಮರೆಯಾಗುತ್ತದೆ. ತಾಳಿದವರು ಬಾಳಿದ್ದಾರೆ, ನಿಜ. ಅವರು ಯಾರ ಜೊತೆಗೆ ತಾಳಿದರು, ಏನನ್ನು ತಾಳಲು ನಿರಾಕರಿಸಿದರು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿದಾಗ ಮಾತ್ರ ಅವರ ಬಾಳು ಅಧ್ಯಯನಕ್ಕೆ ಪೂರ್ಣವಾಗಿ ಕಾಣುತ್ತದೆ.