ಯಾವ ಬಾದಾಮಿ?

ಅಂಗಡಿಯಲ್ಲಿ ‘ಬಾದಾಮಿ’ ಎಂದಷ್ಟೇ ಕೇಳಿದರೆ ಸಾಲದು. ಚಪ್ಪಟೆಯಾಗಿ, ನುಣುಪಾಗಿ, ಎಲ್ಲವೂ ಒಂದೇ ಅಳತೆಯಲ್ಲಿ ಕಾಣುವುದು ಸಾಮಾನ್ಯವಾಗಿ ಕ್ಯಾಲಿಫೋರ್ನಿಯದ್ದು. ಇರಾನ್, ಅಫಘಾನಿಸ್ತಾನಗಳ ಮಾಮ್ರಾ ಸುಕ್ಕುಗಟ್ಟಿ ದೋಣಿಯಂತೆ ಬಾಗಿರುತ್ತದೆ; ಎಣ್ಣೆ ಹೆಚ್ಚು, ಬೆಲೆ ಇನ್ನೂ ಹೆಚ್ಚು. ಗುರ್ಬಂದಿ ಗಿಡ್ಡ, ಅದರಲ್ಲಿ ಕಹಿಬೀಜಗಳು ಬೆರೆತಿರುವುದುಂಟು. ಬಾಯಿಗೆ ಕಹಿ ತಗಲಿದೊಡನೆ ಉಗುಳಿಬಿಡಬೇಕು. ಅದರಲ್ಲಿರುವ ಅಮಿಗ್ಡಾಲಿನ್ ಎಂಬ ವಸ್ತು ಅಗಿದಾಗ ಒಡೆದು ಸಯನೈಡ್ ವಿಷವಾಗುತ್ತದೆ. ಎಳೆಯ ಮಕ್ಕಳಿಗೆ ಕೆಲವೇ ಬೀಜಗಳೂ ಅಪಾಯಕರ.

ಹಾಗಾದರೆ ನಮ್ಮ ಶಾಲೆಯಂಗಳದಲ್ಲಿ ನಾವು ಕಲ್ಲಿನಿಂದ ಜಜ್ಜಿ ತಿನ್ನುವ ಕಾಡುಬಾದಾಮಿ? ಮಲಯಾಳದಲ್ಲಿ ಅದು ‘ತಲ್ಲಿತ್ತೇಂಗ’. ಬಡಿದು ಒಡೆಯುವುದೆಂಬ ಅರ್ಥ ಆ ಹೆಸರಿನಲ್ಲೇ ಇದೆ. ಅಂಗಡಿಯ ಬಾದಾಮಿ ಗುಲಾಬಿಯ ಕುಲದ್ದು. ಇದು ಅಳಲೆ, ತಾರೆಗಳ ಬಳಗದ ಮರ. ನಂಟಿಲ್ಲದಿದ್ದರೂ ತಿರುಳು ರುಚಿಯೇ, ಕಾಸೂ ಬೇಡ.