ಹುಬ್ಬಳ್ಳಿಯಿಂದ ಬಾದಾಮಿಗೆ ಸೈಕಲ್ ಮೇಲೆ: ಎರೆ ಸೀಮೆಯ ಸೂತ್ರಗಳು

ನೂರು ಕಿಲೋಮೀಟರಿಗೆ ತುಸು ಮೇಲೆ. ನವಲಗುಂದ, ನರಗುಂದ, ಕೊಣ್ಣೂರು, ಕುಳಗೇರಿ ಕ್ರಾಸ್, ಆಮೇಲೆ ಬಾದಾಮಿ. ದಾರಿಯಲ್ಲಿ ಘಟ್ಟವಿಲ್ಲ, ಹುಬ್ಬಳ್ಳಿಗಿಂತ ಬಾದಾಮಿಯೇ ತಗ್ಗಿನಲ್ಲಿದೆ. ಇಷ್ಟು ಕೇಳಿ ಸಲೀಸೆಂದು ಹೊರಟವರನ್ನು ಇಲ್ಲಿ ಸುಸ್ತು ಮಾಡುವುದು ಗಾಳಿ, ಬಿಸಿಲು ಮತ್ತು ಮಣ್ಣು. ಹಂಗಾಮು ನೋಡಿ ಬಿತ್ತುವ ರೈತನ ಲೆಕ್ಕಾಚಾರ ಈ ದಾರಿಯ ಸವಾರನಿಗೂ ಬೇಕು. ತೊಡೆಯ ಬಲದ ಮಾತು ಆಮೇಲೆ.

1. ತಿಂಗಳು ಆರಿಸಿ, ಆಮೇಲೆ ದಿನ

ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಒಳ್ಳೆಯ ಕಾಲ. ಹಿಂಗಾರಿ ಬಿಳಿಜೋಳ ತೆನೆ ಹಾಯ್ದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ, ಕುಸುಬೆ ಹಳದಿಗೆ ತಿರುಗುತ್ತಿರುತ್ತದೆ. ಏಪ್ರಿಲ್-ಮೇ ಬೇಡವೇ ಬೇಡ. ಆಗ ಹೊಲವೆಲ್ಲ ಬರಿದು, ನೆರಳಿಗೊಂದು ಬೇವಿನ ಗಿಡ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಬನದ ಹುಣ್ಣಿಮೆಯ ಆಸುಪಾಸಿನಲ್ಲಿ ಬನಶಂಕರಿ ಜಾತ್ರೆ ಇರುತ್ತದೆ. ಆ ದಿನಗಳಲ್ಲಿ ಹೋಗುವುದಾದರೆ ಬಾದಾಮಿಯಲ್ಲಿ ತಂಗಲು ಕೋಣೆ ಮೊದಲೇ ಗೊತ್ತು ಮಾಡಿಕೊಂಡಿರಿ.

2. ಗಾಳಿ ಏಳುವ ಮೊದಲು ನೀವು ಏಳಿ

ಮುಂಗಾರಿನಲ್ಲಿ ಪಡುವಣ ಗಾಳಿ ನಿಮ್ಮ ಬೆನ್ನಿಗಿರುತ್ತದೆ, ಆದರೆ ಮಳೆಯ ತಾಪತ್ರಯ. ಚಳಿಗಾಲದಲ್ಲಿ ಮಳೆ ಇಲ್ಲ, ಮೂಡಣ ಗಾಳಿ ಎದೆಗೇ ಬರುತ್ತದೆ. ನಸುಕಿನಲ್ಲಿ ಅದು ಸುಮ್ಮನಿದ್ದು, ಹೊತ್ತೇರಿದಂತೆ ಜೋರಾಗುತ್ತದೆ. ಹಾಗಾಗಿ ಆರಕ್ಕೆ ಹೊರಟು ಹತ್ತರೊಳಗೆ ನರಗುಂದ ಮುಟ್ಟಿ. ಅಲ್ಲಿಗೆ ಅರ್ಧ ದಾರಿ ಮುಗಿಯುತ್ತದೆ, ಕಷ್ಟದ ಅರ್ಧ ಉಳಿಯುತ್ತದೆ.

ಮೈಗೆ ಬಡಿಯುವ ಗಾಳಿಯ ವೇಗ ಇಮ್ಮಡಿಯಾದರೆ ಅದರ ತಡೆ ನಾಲ್ಮಡಿಯಾಗುತ್ತದೆ. ಅದರ ಜತೆ ಹಟಕ್ಕೆ ಬಿದ್ದು ಲಾಭವಿಲ್ಲ. ಮೈ ಬಗ್ಗಿಸಿ, ಗೇರ್ ಇಳಿಸಿ, ಮೀಟರ್ ಕಡೆ ನೋಡುವುದನ್ನು ಬಿಡಿ. ಪಕ್ಕದವರ ಜತೆ ಪೂರ್ತಿ ವಾಕ್ಯ ಆಡಲು ಉಸಿರಿದ್ದರೆ ನಿಮ್ಮ ವೇಗ ಸರಿಯಾಗಿದೆ. ದೂರದ ಸೈಕಲ್ ಸವಾರಿಯ ಬ್ರೆವೆಗಳಲ್ಲಿ ಕೂಡ 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಅಂದರೆ ಗಂಟೆಗೆ 15 ಕಿಲೋಮೀಟರ್ ಸಾಕು. ಅದೇ ಲೆಕ್ಕದಲ್ಲಿ ಬಾದಾಮಿ ಏಳು ಗಂಟೆಯ ದಾರಿ, ಊಟ ಮತ್ತು ಹರಟೆ ಬೇರೆ.

3. ಹಿಂದೆ ಕೆಂಪು ದೀಪ, ಮೈಮೇಲೆ ಮಿನುಗುವ ಜಾಕೆಟ್

ಇದು ಹುಬ್ಬಳ್ಳಿ-ಸೊಲ್ಲಾಪುರ ಹೆದ್ದಾರಿ. ಜನವರಿಯಲ್ಲಿ ಸೂರ್ಯ ಮೂಡುವುದು ಏಳರ ಸುಮಾರಿಗೆ, ಲಾರಿಗಳು ಅಲ್ಲಿಯವರೆಗೆ ಕಾಯುವುದಿಲ್ಲ. ಹತ್ತಿ ಹೇರಿದ ಲಾರಿಯ ಹೊಟ್ಟೆ ರಸ್ತೆಯ ಅಂಚಿನ ತನಕ ಉಬ್ಬಿರುತ್ತದೆ. ಅದು ಬಂದರೆ ಇಳಿದು ನಿಲ್ಲಿ.

4. ಎರೆ ಮಣ್ಣನ್ನು ತಿಳಿದುಕೊಳ್ಳಿ

ಈ ಕರಿ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲಿನ ಡಾಂಬರಿಗೂ ಅದರದೇ ಗತಿ. ರಸ್ತೆ ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಕೂದಲೆಳೆಯಂಥ ರೇಸಿಂಗ್ ಟೈರು ಇಲ್ಲಿಗೆ ಒಗ್ಗುವುದಿಲ್ಲ. 32 ಮಿಲಿಮೀಟರಿಗಿಂತ ಅಗಲದ್ದು ಹಾಕಿ, ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಬೇಡಿ.

ಮಳೆ ಬಿದ್ದಿದ್ದರೆ ಡಾಂಬರು ಬಿಟ್ಟು ಹತ್ತು ಮಾರು ಕೂಡ ಹೊಲದ ದಾರಿಗೆ ಇಳಿಯಬೇಡಿ. ಹಸಿ ಎರೆ ಟೈರಿಗೆ ಮೆತ್ತಿಕೊಂಡು, ಸುತ್ತು ಸುತ್ತಿಗೂ ದಪ್ಪವಾಗಿ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ತುಂಬಿಕೊಳ್ಳುತ್ತದೆ. ಗಾಲಿ ನಿಂತೇಬಿಡುತ್ತದೆ. ತಳ್ಳಿದರೆ ಇನ್ನಷ್ಟು ತುಂಬುತ್ತದೆ. ಸೈಕಲ್ ಹೆಗಲಿಗೇರಿಸಿ ಡಾಂಬರಿಗೆ ಬನ್ನಿ, ಒಂದು ಕಡ್ಡಿಯಿಂದ ಕೆರೆದು ತೆಗೆಯಿರಿ. ಚಪ್ಪಲಿ ಕೂಡ ಅಷ್ಟರಲ್ಲಿ ಎರಡು ಕಿಲೋ ತೂಗುತ್ತಿರುತ್ತದೆ.

5. ರಸ್ತೆಯ ಮೇಲಿನ ರಾಶಿಗೆ ದಾರಿ ಬಿಡಿ

ಒಳರಸ್ತೆ ಹಿಡಿದರೆ ಹೆಸರು, ಕಡಲೆ, ಜೋಳ ಏನಾದರೊಂದು ಡಾಂಬರಿನ ಮೇಲೆ ಹರವಿರುತ್ತಾರೆ, ಹೋಗುವ ಗಾಡಿಯ ಗಾಲಿಯೇ ಒಕ್ಕಲಿ ಎಂದು. ಟ್ರ್ಯಾಕ್ಟರಿಗೆ ಅದು ಸರಿ, ಸೈಕಲ್ಲಿಗೆ ಅಲ್ಲ. ಒಣ ಹೊಟ್ಟಿನ ಮೇಲೆ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ, ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ. ರಾಶಿಯ ಸುತ್ತ ಸಾಲಾಗಿ ಕಲ್ಲು ಇಟ್ಟಿರುತ್ತಾರೆ, ಮುಸ್ಸಂಜೆಯಲ್ಲಿ ಅವು ಕಾಣುವುದಿಲ್ಲ. ಇದು ಕಾನೂನಿಗೆ ವಿರುದ್ಧವೆಂದು ಭಾಷಣ ಬಿಗಿಯುವ ಬದಲು ಇಳಿದು ನಡೆಯಿರಿ, ಇಪ್ಪತ್ತು ಹೆಜ್ಜೆಯ ಮಾತು.

6. ಮುಳ್ಳಿಗೆ ಸಿದ್ಧರಾಗಿರಿ

ನೆಗ್ಗಿನ ಮುಳ್ಳು ಚಿಕ್ಕದು, ಬಳ್ಳಾರಿ ಜಾಲಿಯದು ಉದ್ದ. ಎರಡೂ ಒಳ್ಳೆಯ ಟೈರನ್ನು ದಾಟುತ್ತವೆ. ವಿಶ್ರಾಂತಿಗೆ ಸೈಕಲ್ಲನ್ನು ಬೇಲಿಗೆ ಒರಗಿಸಬೇಡಿ. ಎರಡು ಟ್ಯೂಬು, ಪ್ಯಾಚು, ಸೊಲ್ಯೂಷನ್, ಕೈಪಂಪು ಇರಲಿ. ಹಳ್ಳಿಯ ಪಂಚರ್ ಅಂಗಡಿಯವರು ಕೈ ಪಳಗಿದವರೇ, ಆದರೆ ನಿಮ್ಮದು ತೆಳು ಮೂತಿಯ ವಾಲ್ವ್ ಆದರೆ ಅವರ ಕಂಪ್ರೆಸರ್ ಹಿಡಿಯುವುದಿಲ್ಲ. ಬೆರಳುಗುರಿನಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಒಂದು ಜೇಬಿನಲ್ಲಿರಲಿ. ಟ್ಯೂಬ್ ಬದಲಿಸುವ ಮುನ್ನ ಟೈರಿನ ಒಳಮೈಯನ್ನು ಬೆರಳಿನಿಂದ ತಡವಿ ನೋಡಿ. ಮುರಿದ ಮುಳ್ಳಿನ ತುದಿ ಅಲ್ಲೇ ಕೂತಿರುತ್ತದೆ.

7. ಜೇಬಿನಲ್ಲಿ ಶೇಂಗಾ ಹೋಳಿಗೆ

ಪೇಟೆಯ ಎನರ್ಜಿ ಬಾರ್ ಈ ಸೀಮೆಗೆ ಬೇಕಿಲ್ಲ. ಶೇಂಗಾ, ಬೆಲ್ಲ, ಎಳ್ಳು ಸೇರಿದ ಗರಿ ಹೋಳಿಗೆ ಒಣಗಿರುತ್ತದೆ, ಕೆಡುವುದಿಲ್ಲ, ಮುರಿದು ಬಾಯಿಗೆ ಹಾಕಿಕೊಂಡರೆ ಮುಂದಿನ ಊರು ಬರುತ್ತದೆ. ಗಂಟೆಗೊಮ್ಮೆ ತಿನ್ನಿ, ಹಸಿವಾಗುವವರೆಗೆ ಕಾಯಬೇಡಿ. ನವಲಗುಂದದಲ್ಲಿ ಗಿರ್ಮಿಟ್ ತಿನ್ನಿ, ಪಕ್ಕದ ಬಾಣಲೆಯ ಮಿರ್ಚಿ ಬಿಟ್ಟುಬಿಡಿ (ಕಷ್ಟ, ಗೊತ್ತು). ಖಾನಾವಳಿಯಲ್ಲಿ ಎರಡು ರೊಟ್ಟಿಯ ಹಸಿವಿದ್ದರೆ ಒಂದೂವರೆಗೆ ಏಳಿ. ಮೊಸರನ್ನು ಮಾತ್ರ ಧಾರಾಳವಾಗಿ ಹಾಕಿಸಿಕೊಳ್ಳಿ.

8. ಎಳನೀರು ಒಂದೇ ಸಾಲದು

ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿದ ಬಾಟಲಿ ಒಂದಿರಲಿ, ಬರಿ ನೀರಿನದು ಇನ್ನೊಂದು. ತುಂಬಿಸಿಕೊಳ್ಳಲು ಊರೊಳಗಿನ ಶುದ್ಧ ಕುಡಿಯುವ ನೀರಿನ ಘಟಕ ಕೇಳಿ, ಚಿಲ್ಲರೆ ನಾಣ್ಯ ಇಟ್ಟುಕೊಂಡಿರಿ.

9. ದೂರ ಕೇಳಬೇಡಿ, ಮುಂದಿನ ಊರಿನ ಹೆಸರು ಕೇಳಿ

‘ಇಲ್ಲೇ ಐತ್ರಿ’ ಎಂದರೆ ಎರಡು ಕಿಲೋಮೀಟರೂ ಇರಬಹುದು, ಹನ್ನೆರಡೂ ಇರಬಹುದು. ಕಟ್ಟೆಯ ಮೇಲಿನ ಹಿರಿಯರನ್ನು ‘ಯಜಮಾನ್ರ’ ಎಂದು ಮಾತಾಡಿಸಿ, ಹೆಣ್ಣುಮಕ್ಕಳನ್ನು ‘ಯಕ್ಕಾ’, ‘ಯವ್ವಾ’ ಎನ್ನಿ. ಉತ್ತರಕ್ಕೆ ಮೊದಲು ಒಂದು ಪ್ರಶ್ನೆ ಬಂದೇ ಬರುತ್ತದೆ: “ಬಾದಾಮಿಗೆ ಸೈಕಲ್ ಮ್ಯಾಲ? ಬಸ್ಸಿಗೆ ರೊಕ್ಕ ಇಲ್ಲೇನೋ ತಮ್ಮಾ?” ಬೇಸರ ಮಾಡಿಕೊಳ್ಳದೆ ನಕ್ಕುಬಿಟ್ಟರೆ ಒಂದು ಚಹಾ ಗ್ಯಾರಂಟಿ.

10. ನವಲಗುಂದದಲ್ಲೂ ನರಗುಂದದಲ್ಲೂ ಇಳಿಯಿರಿ

ಬೆನ್ನಿಗೆ ಹೇಗೂ ವಿಶ್ರಾಂತಿ ಬೇಕು. ಎರಡೂ ಊರಿನಲ್ಲಿ 1980ರ ಜುಲೈ 21ರ ರೈತ ಹುತಾತ್ಮರ ವೀರಗಲ್ಲಿದೆ. ಮಲಪ್ರಭಾ ಕಾಲುವೆಯ ನೀರೇ ಮುಟ್ಟದ ಹೊಲಕ್ಕೂ ಅಭಿವೃದ್ಧಿ ಕರ ಕೇಳಿದ್ದಕ್ಕೆ ರೈತರು ಬೀದಿಗಿಳಿದರು, ಗೋಲಿಬಾರ್ ಆಯಿತು. ರಾಜ್ಯದ ರೈತ ಚಳವಳಿ ಕಾವೇರಿದ್ದು ಅಲ್ಲಿಂದಲೇ, 1983ರಲ್ಲಿ ಗುಂಡೂರಾವ್ ಸರ್ಕಾರ ಸೋತದ್ದರ ಹಿಂದೆ ಈ ಊರುಗಳ ಸಿಟ್ಟೂ ಇತ್ತು. ಮಹದಾಯಿ ನೀರಿಗಾಗಿ 2015ರಲ್ಲಿ ಧರಣಿ ಕೂತದ್ದೂ ನರಗುಂದದಲ್ಲೇ. ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಬಂದ್, ರಸ್ತೆ ತಡೆ ಏನಾದರೂ ಇದೆಯೇ ಎಂದು ವಿಚಾರಿಸಿಕೊಳ್ಳಿ. ನವಲಗುಂದದ ಜಮಖಾನೆ ನೋಡಿ ಆಸೆಯಾದರೆ ಇನ್ನೊಮ್ಮೆ ಬಸ್ಸಿನಲ್ಲಿ ಬನ್ನಿ, ಕ್ಯಾರಿಯರಿಗೆ ಆ ಹೊರೆ ಬೇಡ.

11. ಕರೆದರೆ ಹೋಗಿ, ಕರೆಯದೆ ಕೀಳಬೇಡಿ

ಕಡಲೆ ಗಿಡ ರಸ್ತೆಗೇ ಬಂದು ನಿಂತಿದ್ದರೂ ಸುಲಗಾಯಿ ಕೀಳುವ ಮುನ್ನ ಒಂದು ಮಾತು ಕೇಳಿ, ಒಂದು ಮುಷ್ಟಿ ಕೇಳಿದವರಿಗೆ ಒಂದು ಹೊರೆ ಸಿಗುತ್ತದೆ. ಹೊಲದಲ್ಲಿ ಹೊಗೆ ಕಂಡರೆ ಸೀತನಿ ಸುಡುತ್ತಿದ್ದಾರೆಂದೇ ಲೆಕ್ಕ. ಬಿಸಿ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳಿಗೆ ಶೇಂಗಾ ಚಟ್ನಿಪುಡಿ ಸೇರಿಸಿ ಕೊಡುತ್ತಾರೆ. ಎಳ್ಳಮಾವಾಸ್ಯೆಯ ದಿನ ಹೊರಟಿರಾದರೆ ವೇಳಾಪಟ್ಟಿಯ ಆಸೆ ಬಿಡಿ. ಚರಗ ಚೆಲ್ಲಿ ಊಟಕ್ಕೆ ಕೂತವರು ದಾರಿಹೋಕರನ್ನು ಬಿಡುವುದಿಲ್ಲ, ಸಜ್ಜೆ ಕಡುಬು ಮುಗಿಸದೆ ಏಳುವ ಹಾಗೂ ಇಲ್ಲ.

12. ವಾಪಸಿನ ವ್ಯವಸ್ಥೆ ಹೊರಡುವ ಮೊದಲೇ

ರೈಲು ನಿಲ್ದಾಣ ಬಾದಾಮಿ ಊರಿನಿಂದ ಐದು ಕಿಲೋಮೀಟರ್ ದೂರ, ಆ ತುಳಿತವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಸ್ಸಾದರೆ ಕಂಡಕ್ಟರನ್ನು ಹತ್ತುವ ಮುನ್ನ ಕೇಳಿ, ಮುಂದಿನ ಗಾಲಿ ಬಿಚ್ಚಿ ಹಿಡಿದುಕೊಂಡೇ ಕೇಳಿ, ಲಗೇಜ್ ಟಿಕೆಟ್ ಕೊಡಿ ಎಂದು ನೀವಾಗಿಯೇ ಹೇಳಿ. ಖಾಲಿ ಬಸ್ಸಿನಲ್ಲಿ ಬಹುತೇಕ ಒಪ್ಪುತ್ತಾರೆ, ಸಂತೆಯ ದಿನ ಒಪ್ಪುವುದಿಲ್ಲ.